ವಾರಕ್ಕೆ ಕೊಟ್ಟ ಸರ್ವರು

ಮಳವಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟುಕೊಂಡವಳು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮೆಟ್ಟಿಲು ಹತ್ತಿಕೊಂಡು ಬರುತ್ತದೆ. ನನ್ನದು ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಯೂರಿಯಾ ಬಂತಾ ಅಂತ ಕೇಳಲು ಬಂದವರು ದಾರಿ ತಪ್ಪಿ ಮೇಲೆ ಹತ್ತಿ, ಹತ್ತಿದ ತಪ್ಪಿಗೆ ವೆಬ್‌ಸೈಟಿನ ವಿಚಾರ ಕೇಳಿಕೊಂಡು ಇಳಿದು ಹೋಗುತ್ತಾರೆ. "ಕ್ಲೌಡು ಅಂದ್ರೆ ಮೋಡ ಅಲ್ವಾ, ಮಳೆ ಬಂದ್ರೆ ನೆಂದೋಯ್ತದಾ?" ಎಂದವರ ಕತೆ ಇಲ್ಲಿ ಹೇಳುವುದಿಲ್ಲ. ಅದು ಈ ಕಸುಬಿನವರಿಗೆಲ್ಲ ಆಗಿರುತ್ತದೆ. ನನಗೆ ವಾರಕ್ಕೆರಡು ಸಲ ಆಗುತ್ತದೆ.

ನನ್ನ ಫಜೀತಿ ಬೇರೆ. ಯಾವ ವೆಬ್‌ಸೈಟಾದರೂ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಸದಾ ಎದ್ದು ಕೂತಿರಬೇಕು. ಆ ಕಂಪ್ಯೂಟರಿಗೆ ಸರ್ವರ್ ಅನ್ನುತ್ತೇವೆ. ಅದನ್ನು ಇಡಲು ಎರಡು ದಾರಿ. ದೊಡ್ಡ ಕಂಪನಿಯಿಂದ ಬರೀ ಸರ್ವರ್ ಬಾಡಿಗೆಗೆ ತಗೊಂಡು ಅದರ ನೆಗಡಿ, ಕೆಮ್ಮು, ಜ್ವರ ಎಲ್ಲ ನಾವೇ ನೋಡಿಕೊಳ್ಳುವುದು ಒಂದು. ನೋಡಿಕೊಳ್ಳುವ ಕೆಲಸವನ್ನೂ ಕಂಪನಿಗೇ ಒಪ್ಪಿಸಿ ಕೈ ತೊಳೆದುಕೊಳ್ಳುವುದು ಇನ್ನೊಂದು. ಮೊದಲನೆಯದು ರೂಮು ಮಾಡಿಕೊಂಡು ಅಡುಗೆ ಬೇಯಿಸಿಕೊಂಡ ಹಾಗೆ, ಎರಡನೆಯದು ಊಟದ ಸಮೇತ ಹಾಸ್ಟೆಲ್ ಸೇರಿದ ಹಾಗೆ.

ಯಾವುದು ಬೇಕು ಅಂತ ಗಿರಾಕಿಯನ್ನು ಕೇಳಬೇಕು. ಕೇಳುತ್ತಿದ್ದೆ. ಆದರೆ ಉತ್ತರ ಮೊದಲೇ ನನ್ನ ಬಾಯಲ್ಲಿರುತ್ತಿತ್ತು: "ನಾನೇ ನೋಡ್ಕೋತೀನಿ ಬಿಡಿ." ಬೇರೆಯವರು ಮಾಡಿದ ಕೆಲಸ ನನಗೆ ಹಿಡಿಸುವುದಿಲ್ಲ. ಅತ್ತೆ ತೊಳೆದಿಟ್ಟ ಪಾತ್ರೆಯನ್ನು ಇನ್ನೊಂದು ಸಲ ತೊಳೆದು, ಮನೆಯಲ್ಲಿ ಎರಡು ದಿನ ಮಾತು ಬಿಡಿಸಿಕೊಂಡವಳು ನಾನು.

ಬೀಗ

ನನ್ನ ಮೊದಲ ದೊಡ್ಡ ಗಿರಾಕಿ ಮದ್ದೂರಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರು. ಯಾವ ಮುಹೂರ್ತಕ್ಕೆ ಮಂಟಪ ಖಾಲಿ ಇದೆ ಎಂದು ಜನ ಫೋನಿನಲ್ಲೇ ನೋಡಿ ಬುಕ್ ಮಾಡಬೇಕು, ಅಂಥದ್ದೊಂದು ಬೇಕಿತ್ತು ಅವರಿಗೆ. ಸರ್ವರಿನ ಎರಡು ದಾರಿ ವಿವರಿಸಿದೆ. ತಟ್ಟನೆ ಹಿಡಿದುಕೊಂಡರು.

"ನಮ್ಮಲ್ಲೂ ಅಂಗೇ ಮೇಡಂ. ಬರೀ ಮಂಟಪ ತಗಂಡು ಅಡುಗೆಯೋರನ್ನ ಅವರೇ ಕರ್ಕಂಬರೋದು ಒಂದು. ಅಡುಗೆ, ಹೂವು, ವಾಲಗ ಎಲ್ಲ ಸೇರಿ ಕಂಟ್ರಾಕ್ಟು ಕೊಡೋದು ಇನ್ನೊಂದು."

"ಸರಿಯಾಗಿ ಹೇಳಿದ್ರಿ. ಬಂದವರಿಗೆ ನೀವು ಯಾವುದು ತಗೊಳ್ಳಿ ಅಂತೀರಿ?"

"ಕಂಟ್ರಾಕ್ಟೇ ತಗಳಿ ಅಂತೀನಿ."

"ಹಾಗಾದ್ರೆ ನಿಮಗೂ ಅದೇ ಹಾಕೋಣವಾ?"

"ಅಯ್ಯೋ, ಬ್ಯಾಡಿ ಮೇಡಂ. ಕಂಟ್ರಾಕ್ಟಲ್ಲಿ ಏನೇನು ನಡೀತದೆ ಅಂತ ನನಗೆ ಗೊತ್ತಿಲ್ವಾ? ನಡೆಸೋನು ನಾನೇ!"

ಸರಿ, ನಾನೇ ನೋಡಿಕೊಳ್ಳುವುದು ಅಂತಾಯಿತು. ನನಗೂ ಬೇಕಾಗಿದ್ದು ಅದೇ. ಮುಂದಿನ ವಾರ ಮ್ಯಾನೇಜರು ಮುಷ್ಟಿ ಗಾತ್ರದ ಒಂದು ಬೀಗ ಹಿಡಿದುಕೊಂಡು ಬಂದರು.

"ಸರ್ವರ್ ರೂಮಿಗೆ ಮೇಡಂ. ಮಂಟಪದ ಉಗ್ರಾಣಕ್ಕೂ ಇದೇ ಕಂಪನೀದು."

"ಸರ್ವರ್ ಇಲ್ಲಿಲ್ಲ ಸಾರ್, ಮುಂಬೈಲಿದೆ. ಅದಕ್ಕೆ ಪಾಸ್‌ವರ್ಡ್ ಹಾಕಿದ್ದೀನಿ, ಅದೇ ಬೀಗ."

"ಪಾಸ್‌ವರ್ಡ್ ಯಾರತ್ರ ಅದೆ?"

"ನನ್ನ ಹತ್ರ."

"ನೀವಿರೋ ರೂಮಿಗೆ ಬೀಗ?"

ನನ್ನ ಬಾಗಿಲಿಗೆ ಒಂದು ಚಿಲಕ ಮಾತ್ರ ಇತ್ತು. ಮ್ಯಾನೇಜರು ನನ್ನನ್ನು ಕನಿಕರದಿಂದ ನೋಡಿದರು. "ತಡೀರಿ, ಎಂಗೆ ಕೂರ್ತದೆ ನೋಡಾಣ" ಎಂದು ಹೊರಗೆ ಹೋಗಿ, ಬಾಗಿಲೆಳೆದು, ಬೀಗ ಹಾಕಿದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಂಟಪ ನೋಡಲು ಯಾವುದೋ ಪಾರ್ಟಿ ಬಂದಿತ್ತಂತೆ. ಮಾತಾಡುತ್ತ ಮೆಟ್ಟಿಲಿಳಿದರು, ಮಾತಾಡುತ್ತ ಬಸ್ಸು ಹತ್ತಿದರು. ಬೀಗದ ಎರಡೂ ಕೀಲಿ ಅವರ ಜೇಬಿನಲ್ಲಿತ್ತು. ನಾನು ಫೋನ್ ಮಾಡಿದಾಗಲೆಲ್ಲ ಬ್ಯುಸಿ ಬರುತ್ತಿತ್ತು. ಕಿಟಕಿಯಿಂದ ಕೂಗಿದರೆ ಕೆಳಗಿನ ಅಂಗಡಿಯವರು "ಯೂರಿಯಾ ನಾಳೆ ಬತ್ತದೆ" ಅಂದರು.

ಮದ್ದೂರು ತಲುಪಿ ಜೇಬಿಗೆ ಕೈ ಹಾಕಿದ ಮೇಲೆ ಮ್ಯಾನೇಜರೇ ಫೋನ್ ಮಾಡಿದರು. ಕ್ಷಮಿಸಿ ಅನ್ನುತ್ತಾರೇನೋ ಅಂದುಕೊಂಡೆ.

"ನೋಡಿದ್ರಾ ಮೇಡಂ, ಎಂಥಾ ಬೀಗ!" ಅಂದರು.

ಬೀಗರ ಊಟ

ಕಿರುಗಾವಲಿನ ನೆಂಟರ ಮನೆಯಲ್ಲಿ ಬೀಗರ ಊಟ. ನಮ್ಮ ಕಡೆಯ ಬೀಗರ ಊಟಕ್ಕೆ ಹೋಗುವುದು ಬೇರೆ, ಅಲ್ಲಿ ಕೂರಲು ಜಾಗ ಸಿಗುವುದು ಬೇರೆ. ಒಂದು ಪಂಕ್ತಿ ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ಕುರ್ಚಿ ಹಿಂದೆ ನಿಂತು, ನಾವು ಎಷ್ಟು ತುತ್ತು ಬಾಕಿ ಉಳಿಸಿದ್ದೇವೆ ಎಂದು ನೋಡುತ್ತಿರುತ್ತಾರೆ. ನಾನು ಹೇಗೋ ನುಗ್ಗಿ ಕೂತಿದ್ದೆ. ನನ್ನ ಪಕ್ಕದ ಎಲೆಯಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲಿನ ಹಿರಿಯರೊಬ್ಬರು. ಅವರ ಆಚೆ ಅವರದೇ ವಯಸ್ಸಿನ ಇನ್ನಿಬ್ಬರು.

ಮುದ್ದೆ ಮುರಿದು ಸಾರಿಗೆ ಅದ್ದಿದ್ದೆ ಅಷ್ಟೆ, ಮದ್ದೂರಿನ ಮ್ಯಾನೇಜರ ಫೋನು.

"ಮೇಡಂ, ಸೈಟು ಬಿದ್ದೋಗದೆ! ಎರಡು ಪಾರ್ಟಿಯೋರು ಒಂದೇ ಮುಹೂರ್ತ ಹಿಡ್ಕಂಡು ಎದುರಿಗೆ ನಿಂತವ್ರೆ!"

ಬಲಗೈ ಸಾರಿನಲ್ಲಿ. ಎಡಗೈಯಲ್ಲೇ ಫೋನ್ ಹಿಡಿದು, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಸರ್ವರಿನ ಒಳಗೆ ಹೋಗಿ ನೋಡಿದೆ. ಸರ್ವರ್ ತನ್ನ ಪ್ರತಿದಿನದ ಕೆಲಸವನ್ನೆಲ್ಲ ಬರೆದಿಡುತ್ತಾ ಹೋಗುತ್ತದೆ. ಆ ಹಳೇ ಫೈಲುಗಳನ್ನು ಆಗಾಗ ತೆಗೆಯುತ್ತಿರಬೇಕು. ನಾನು ಮರೆತಿದ್ದೆ. ಅವೇ ತುಂಬಿಕೊಂಡು ಸರ್ವರ್ ಉಸಿರು ಕಟ್ಟಿ ಬಿದ್ದಿತ್ತು. ಸಿಟ್ಟು ನೆತ್ತಿಗೇರಿತು. ವಾಲಗದ ಸದ್ದಿನಲ್ಲಿ ಮ್ಯಾನೇಜರಿಗೆ ಕೇಳಲಿ ಅಂತ ಕೂಗಿ ಹೇಳಿದೆ:

"ಜಾಗ ಇಲ್ಲ ಕಣ್ರೀ! ಹಳೇವೆಲ್ಲ ಸುಮ್ಮನೆ ಜಾಗ ಹಿಡ್ಕೊಂಡು ಕೂತಿವೆ! ಒಂದರಿಂದಲೂ ಕೆಲಸ ಇಲ್ಲ. ಎಲ್ಲ ಎತ್ತಿ ಬಿಸಾಕಿದ್ರೆ ಸರಿಹೋಗುತ್ತೆ!"

ಅದೇ ಗಳಿಗೆಗೆ ವಾಲಗ ನಿಂತಿತು. ನನ್ನ ಕೊನೆಯ ಮಾತು ಇಡೀ ಶಾಮಿಯಾನಕ್ಕೆ ಕೇಳಿತು. ಪಕ್ಕದ ಹಿರಿಯರು ಎಲೆಯನ್ನು ನಿಧಾನಕ್ಕೆ ಮುಂದೆ ಸರಿಸಿದರು.

"ಎದ್ದೋಯ್ತೀವಿ ಬುಡವ್ವ. ಮುದ್ದೆ ಒಂದು ಮುಗೀಲಿ ಅಂತ ಕೂತಿದ್ದೋ."

ಅವರ ಜೊತೆ ಆ ಇಬ್ಬರೂ ಎದ್ದರು. ಒಬ್ಬರು ಎದ್ದರೂ ಕೈಯಲ್ಲಿದ್ದ ಮೂಳೆ ಬಿಡಲಿಲ್ಲ. ಹಿಂದೆ ನಿಂತಿದ್ದವರು ಆಗಲೇ ಕುರ್ಚಿ ಎಳೆದುಕೊಳ್ಳುತ್ತಿದ್ದರು. ನಾನು ಸಾರಿನ ಕೈಯಲ್ಲೇ ಕೈಮುಗಿದು, ನಿಮಗೆ ಹೇಳಿದ್ದಲ್ಲ, ಸರ್ವರಿಗೆ ಹೇಳಿದ್ದು ಎಂದು ಗೋಗರೆದೆ. ಬಡಿಸುತ್ತಿದ್ದವನು ನಿಂತುಬಿಟ್ಟ. ನಿನಗಲ್ಲಪ್ಪ ಎಂದು ಅವನಿಗೂ ಗೋಗರೆದೆ. ಅಂತೂ ಮೂವರನ್ನೂ ಮತ್ತೆ ಕೂರಿಸುವಷ್ಟರಲ್ಲಿ ನನ್ನ ಮುದ್ದೆ ತಣ್ಣಗಾಗಿತ್ತು.

"ಅದೇನವ್ವಾ ಅದು, ಉಣ್ಣಾಕೂ ಬುಡದೆ ಕರೀತದಲ್ಲ?" ಎಂದು ಹಿರಿಯರು ಕೇಳಿದರು.

"ಏನು ಮಾಡೋದು ಯಜಮಾನ್ರೇ, ಅದನ್ನ ನೋಡ್ಕೊಳ್ಳೋಳು ನಾನೊಬ್ಬಳೇ."

"ಪಾಪ. ಎಷ್ಟು ತಿಂಗಳ ಕೂಸು?"

ಮುಂಬೈಗೆ ಹೋದ ಬೆಲ್ಲ

ಆ ಊಟದ ಮೇಲೆ ನನ್ನ ಹಟ ಕೊಂಚ ಸಡಿಲವಾಯಿತು. ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ಬಂದಾಗ, ಜೀವನದಲ್ಲಿ ಮೊದಲ ಸಲ "ಇದನ್ನ ಕಂಪನಿಯವರಿಗೇ ಒಪ್ಪಿಸಿಬಿಡೋಣ" ಅಂದೆ.

"ಎಲ್ಲಿಟ್ಟಿರ್ತಾರೆ?"

"ಮುಂಬೈಲಿ."

"ಯಾವ ಬೀದಿ?"

"ಅದನ್ನ ಅವರು ಹೇಳೋದಿಲ್ಲ."

"ನಮ್ಮ ಸಾಮಾನು ಎಲ್ಲಿಟ್ಟವ್ರೆ ಅಂತ ನಮಗೇ ಹೇಳಾಕಿಲ್ವಾ?" ಎಂದು ಗೊಣಗಿಕೊಂಡೇ ಒಪ್ಪಿದರು.

ಎರಡು ತಿಂಗಳ ಮೇಲೆ ಯಾವುದೋ ಮದುವೆಗೆ ಮುಂಬೈಗೆ ಹೋದವರು, ಬಂದ ಮೇಲೆ ನೆಟ್ಟಗೆ ನನ್ನ ಅಂಗಡಿಗೆ ಬಂದರು. ಮುಖದಲ್ಲಿ ಗೆಲುವು.

"ನೋಡ್ಕಂಡು ಬಂದೆ ಮೇಡಂ."

"ಏನನ್ನ?"

"ನಮ್ಮ ಸರ್ವರ್ರು ಇರೋ ಬಿಲ್ಡಿಂಗ್‌ನ. ನೀವೇ ಹೇಳಿದ್ರಲ್ಲ, ಅದು ಬಿಸಿಯಾಯ್ತದೆ, ಯಾವಾಗಲೂ ತಣ್ಣಗಿಟ್ಟಿರ್ತಾರೆ ಅಂತ. ಗೋಡೆ ತುಂಬ ಏಸಿ ಇರೋದು ಯಾವುದದೆ ಅಂತ ಹುಡುಕ್ದೆ, ಸಿಕ್ತು. ಒಳಕ್ಕೆ ಬುಡಲಿಲ್ಲ. ಗೇಟಲ್ಲಿದ್ದ ಸೆಕ್ಯೂರಿಟಿಯವನಿಗೆ ಎರಡು ಅಚ್ಚು ಬೆಲ್ಲ ಕೊಟ್ಟು, ನಮ್ಮದೊಂದು ಒಳಗದೆ, ಸ್ವಲ್ಪ ನೋಡ್ಕಳಪ್ಪ ಅಂದೆ. ಆಯ್ತು ಅಂದ."

"ಅವನಿಗೆ ಕನ್ನಡ ಬರ್ತಿತ್ತಾ?"

"ಬೆಲ್ಲ ತಿನ್ನಾಕೆ ಬತ್ತಿತ್ತು."

ಫೋಟೋ ತೋರಿಸಿದರು. ಇವರು, ಸೆಕ್ಯೂರಿಟಿಯವನು, ಬೆಲ್ಲ. ಹಿಂದೆ ದೊಡ್ಡ ಬೋರ್ಡು, ಬೋರ್ಡಿನ ತುಂಬ ಒಂದು ಮೀನಿನ ಚಿತ್ರ. ಅದು ಮೀನು ಕೆಡದ ಹಾಗೆ ಇಡುವ ಕೋಲ್ಡ್ ಸ್ಟೋರೇಜು. ತಡೆಯಲಾರದೆ ಹೇಳಿಬಿಟ್ಟೆ. ಅವರ ಮುಖದ ಗೆಲುವು ಒಂದಿಷ್ಟೂ ಇಳಿಯಲಿಲ್ಲ.

"ಇರಲಿ ಬುಡಿ. ನಾನು ಹೇಳಿ ಬಂದಮೇಲೆ ನಮ್ಮ ಸೈಟು ಒಂದ್ಸಲಾನಾದ್ರೂ ನಿಂತದಾ?"

ನಿಂತಿರಲಿಲ್ಲ.

ವಾರ

ಒಂದು ದಿನ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲಿನ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ಯೂರಿಯಾ ಕೆಳಗೆ ಅನ್ನುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

"ಗ್ಯಾಪಕ ಅದಾ? ಎತ್ತಿ ಬಿಸಾಕಿ ಅಂದ್ಯಲ್ಲವ್ವಾ, ಆ ಹಳೇದು ನಾನು."

ಅವರು ಬಂಡೂರಿನವರು. ಅಲ್ಲಿಯ ಏಳು ಮನೆಯವರು ಸೇರಿ ಬಂಡೂರು ಕುರಿಯ ಅಸಲಿ ತಳಿಯನ್ನು ಜೋಪಾನ ಮಾಡಿಕೊಂಡು ಬಂದಿದ್ದರು, ಇವರು ಅದಕ್ಕೆ ಯಜಮಾನರು. ಯಾವ ಮರಿ ಯಾವ ಟಗರಿಗೆ ಹುಟ್ಟಿದ್ದು, ತಾಯಿ ಯಾವುದು, ತಾಯಿಯ ತಾಯಿ ಯಾವುದು, ಎಲ್ಲ ಒಂದು ದಪ್ಪ ಪುಸ್ತಕದಲ್ಲಿತ್ತು. ಆ ಲೆಕ್ಕ ತಪ್ಪಿದರೆ ಹತ್ತಿರದ ರಕ್ತಕ್ಕೇ ಜೋಡಿ ಬಿದ್ದು ತಳಿ ಕೆಡುತ್ತದೆ. ಕೊಳ್ಳಲು ಬಂದವರು ಅಸಲಿ ಅಂತ ನಂಬುವುದೂ ಆ ಪುಸ್ತಕ ನೋಡಿಯೇ.

"ಓದ ತಿಂಗಳು ಒಂದು ಟಗರು ಅದರಲ್ಲಿ ಮೂರು ಹಾಳೆ ತಿಂದಾಕ್ಬುಡ್ತು ಕಣವ್ವ. ಅದೂ ತನ್ನ ತಾತನ ಹೆಸರಿದ್ದ ಹಾಳೆಯೇ."

ಬಂಡೂರಿಗೆ ಹೋದೆ. ಯಜಮಾನರ ಜಗಲಿಯ ಮೇಲೆ ಏಳು ಮನೆಯವರೂ ಸೇರಿದ್ದರು. ರೂಮು, ಹಾಸ್ಟೆಲ್ಲು ಎಂದು ನನ್ನ ಹಳೇ ಪಾಠ ಒಪ್ಪಿಸಿದೆ. ನಾವ್ಯಾರೂ ಹಾಸ್ಟೆಲ್ಲಿನಲ್ಲಿ ಇದ್ದವರಲ್ಲ ಅಂದರು. ಯಜಮಾನರು "ಕಂಪನಿಯೋರಿಗೆ ಒಪ್ಪಿಸೋದು ಅಂದ್ರೆ ವಾರಕ್ಕೆ ಕೊಡೋದು ಅನ್ನು" ಅಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ವಾರ ಸೋಮವಾರ ಮಂಗಳವಾರದ ವಾರ ಅಲ್ಲ, ಪಾಲಿನ ವಾರ. ನಮ್ಮ ಕುರಿಯನ್ನು ಇನ್ನೊಬ್ಬರಿಗೆ ಸಾಕಲು ಕೊಡುವುದು. ಮೇಯಿಸುವುದು, ಕಾಯುವುದು ಅವರದು. ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಕುರಿ ಮಾತ್ರ ಯಾವತ್ತಿದ್ದರೂ ನಮ್ಮದೇ. ಹೋಲಿಕೆ ಎಷ್ಟು ಚೆನ್ನಾಗಿತ್ತೆಂದರೆ ನಾನು ಮರುಳಾಗಿ "ಹೂಂ, ಅದೇ" ಅಂದುಬಿಟ್ಟೆ. ನನ್ನ ಕಷ್ಟ ಶುರುವಾಗಿದ್ದು ಆ "ಹೂಂ"ನಿಂದ.

"ಕಾಯಿಲೆ ಬಿದ್ರೆ ಯಾರು ನೋಡ್ತಾರೆ?"

"ಕಂಪನಿಯವರೇ."

"ಸತ್ತೋದ್ರೆ? ವಾರಕ್ಕೆ ತಗಂಡೋನು ಚರ್ಮ ತಂದು ತೋರಿಸ್ಬೇಕು. ಇಲ್ದಿದ್ರೆ ಮಾರ್ಕಂಡು ಸತ್ತೋಯ್ತು ಅಂತಾನೆ."

"ಸಾಯೋದಿಲ್ಲ ಬಿಡಿ ಯಜಮಾನ್ರೇ. ಆದರೂ ಕಂಪನಿ ಯಾಕೆ? ನಾನೇ ನೋಡ್ಕೋತೀನಿ" ಎಂದು ಹಳೇ ಚಾಳಿ ತೋರಿಸಿದೆ.

"ನೀನು ಉಣ್ಣಾಕೆ ಕೂತಾಗ ಕುರಿ ಕಾಯೋರು ಯಾರವ್ವ?"

ತಣ್ಣಗಾದ ಮುದ್ದೆ ನೆನಪಾಯಿತು. ಕಂಪನಿಗೇ ಅಂತ ತೀರ್ಮಾನವಾಯಿತು. ಏಳುವಾಗ ಯಜಮಾನರು ಕೊನೆಯ ಪ್ರಶ್ನೆ ಕೇಳಿದರು.

"ಮರಿ ಹಾಕ್ತದಾ?"

ಕಂಪನಿಯವರು ದಿನಕ್ಕೊಂದು ಸಲ ಇಡೀ ಮಾಹಿತಿಯ ನಕಲು ತೆಗೆದಿಡುತ್ತಾರೆ, ಏನಾದರೂ ಹೆಚ್ಚುಕಮ್ಮಿಯಾದರೆ ಇರಲಿ ಅಂತ. ಅದನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

"ಹಾಕುತ್ತೆ. ದಿನಾ ಒಂದು."

ಏಳುತ್ತಿದ್ದವರೆಲ್ಲ ಮತ್ತೆ ಕೂತರು.

"ದಿನಾನಾ?"

"ದಿನಾ."

ಯಜಮಾನರು ಒಳಗೆ ತಿರುಗಿ ಸೊಸೆಯನ್ನು ಕೂಗಿದರು. "ಲಕ್ಷಣವಾಗಿ ಕಾಫಿ ಇಡವ್ವ." ಅಲ್ಲಿಯತನಕ ನನಗೆ ಕೊಟ್ಟಿದ್ದು ನೀರು ಮಾತ್ರ.

ಮೂರೂವರೆ ಮರಿ

ಆ ಸೊಸೆಯೇ ಪುಸ್ತಕವನ್ನೆಲ್ಲ ಫೋನಿನಲ್ಲಿ ಟೈಪು ಮಾಡಿ ಸೈಟಿಗೆ ಸೇರಿಸಿದಳು. ಚುರುಕು ಹೆಣ್ಣು. ಟಗರು ತಿಂದ ಮೂರು ಹಾಳೆಯನ್ನು ಮಾವನಿಂದ ಬಾಯಲ್ಲಿ ಹೇಳಿಸಿಕೊಂಡು ತುಂಬಿದಳು. ಕೆಲಸ ಮುಗಿದ ಮೇಲೆ ಪುಸ್ತಕವನ್ನು ಅಟ್ಟಕ್ಕೆ ಹಾಕಿದರಂತೆ. ಅದನ್ನು ಗೆದ್ದಲು ವಾರಕ್ಕೆ ತಗೊಂಡವು, ಪಾಲು ಕೊಡಲಿಲ್ಲ.

ಮುಂದಿನ ಮಂಗಳವಾರ ಯಜಮಾನರು ಬಸ್ಸಿನಲ್ಲಿ ಮಳವಳ್ಳಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಪೆನ್ ಡ್ರೈವ್ ಇಟ್ಟರು. ಸೊಸೆ ಕೊಟ್ಟು ಕಳಿಸಿದ್ದು. ಅದರ ಬೆನ್ನಿಗೆ, ತಮ್ಮ ಕುರಿಗಳಿಗೆ ಹಚ್ಚುವ ಹಾಗೆ, ಕೆಂಪು ಬಣ್ಣದ ಗುರುತು ಹಾಕಿದ್ದರು.

"ಏಳು ದಿನ, ಏಳು ಮರಿ. ನಮ್ಮ ಪಾಲು ಕೊಡವ್ವ."

ನಕ್ಕುಬಿಟ್ಟೆ. ಅವರು ನಗಲಿಲ್ಲ. ಅವು ಬರೀ ನಕಲು, ಕಂಪನಿಯಲ್ಲೇ ಇರಲಿ, ಅಲ್ಲೇ ಕ್ಷೇಮ ಎಂದು ಹೇಳಿ ನೋಡಿದೆ. "ಮರೀನೂ ಅವನತ್ರ, ಕುರೀನೂ ಅವನತ್ರ. ಆಮೇಲೆ ನಮ್ಮತ್ರ ಏನು, ಹಗ್ಗವಾ?" ಅಂದರು. ಸರಿ, ಕೊಟ್ಟು ಕಳಿಸೋಣ ಅಂತ ಪೆನ್ ಡ್ರೈವ್ ಚುಚ್ಚಿದೆ. ಆಗ ಇನ್ನೊಂದು ತಕರಾರು ಎದ್ದಿತು. ಏಳರಲ್ಲಿ ಅರ್ಧ ಅಂದರೆ ಮೂರೂವರೆ.

"ಏಳೂ ತಗೊಂಡು ಹೋಗಿ ಯಜಮಾನ್ರೇ, ಕಂಪನಿಯವರು ಏನೂ ಅನ್ನೋದಿಲ್ಲ."

"ಛೆ, ಕಾದೋನ ಪಾಲು ತಿನ್ನಬಾರದು ಕಣವ್ವ."

ಅರ್ಧ ಮರಿ ಕೊಡಲು ಬರುವುದಿಲ್ಲ ಎಂದೆ. ಬಹಳ ಹೊತ್ತು ಚರ್ಚೆಯಾಗಿ, ಒಂದು ವಾರ ಮೂರು, ಒಂದು ವಾರ ನಾಲ್ಕು ಎಂದು ಒಪ್ಪಂದವಾಯಿತು. ಆಮೇಲೆ ಪ್ರತಿ ಮಂಗಳವಾರ ಬಂದರು. ಒಂದು ಮಂಗಳವಾರವೂ ತಪ್ಪಲಿಲ್ಲ, ಮೂರೋ ನಾಲ್ಕೋ ಎನ್ನುವ ಲೆಕ್ಕವೂ ತಪ್ಪಲಿಲ್ಲ. ಪೆನ್ ಡ್ರೈವ್ ತುಂಬಿದಾಗ, "ಹಳೇ ಮರಿ ತೆಗೆದುಬಿಡ್ಲಾ?" ಎಂದು ಕೇಳಿದೆ. ಕಣ್ಣು ಕೆಂಪಗೆ ಮಾಡಿದರು.

"ಹಳೇವನ್ನ ಬಿಸಾಕೋ ಚಟ ಇನ್ನೂ ಬುಟ್ಟಿಲ್ವಾ ನೀನು?"

ಇನ್ನೊಂದು ಪೆನ್ ಡ್ರೈವ್ ತಂದರು, ಅದಕ್ಕೂ ಕೆಂಪು ಗುರುತು. ಅದು ತುಂಬಿದ ಮೇಲೆ ಮತ್ತೊಂದು, ಆಮೇಲೆ ಇನ್ನೊಂದು.

ಒಂದು ಸಲ ಕಾಯುವವನ ಜೊತೆ ತಾವೇ ಮಾತಾಡಬೇಕು ಅಂತ ಹಟ ಹಿಡಿದರು. ಕಂಪನಿಯ ಸಹಾಯದ ಕಿಟಕಿ ತೆರೆದೆ. ಅಲ್ಲಿ ನಾವು ಬರೆದದ್ದಕ್ಕೆ ಯಂತ್ರವೇ ಉತ್ತರ ಕೊಡುತ್ತದೆ.

"ನಮ್ಮ ಕುರಿ ಎಂಗವೆ ಅಂತ ಕೇಳು."

ಸರ್ವರ್ ಹೇಗಿದೆ ಎಂದು ಬರೆದೆ. ಕಣ್ಣು ಮುಚ್ಚಿ ಬಿಡುವುದರಲ್ಲಿ ಉತ್ತರ: "ನಮಸ್ಕಾರ! ನಿಮ್ಮ ಸರ್ವರ್ ಆರೋಗ್ಯಕರವಾಗಿದೆ. ನಿಮ್ಮ ದಿನ ಸಂತೋಷಕರವಾಗಿರಲಿ!"

ಓದಿ ಹೇಳಿದೆ. ಯಜಮಾನರಿಗೆ ತುಂಬ ಸಮಾಧಾನವಾಯಿತು.

"ನೋಡು, ಎಷ್ಟು ಮರ್ವಾದೆಯಾಗಿ ಮಾತಾಡ್ತಾನೆ. ಇದನ್ನ ನಿನ್ನ ಕೇಳಿದ್ರೆ ಬಯ್ತಿದ್ದೆ."

ಚರ್ಮ

ಇದನ್ನು ಹೇಳಲು ನನಗೆ ಈಗಲೂ ನಾಚಿಕೆ.

ಮದ್ದೂರಿನ ಮ್ಯಾನೇಜರಿಗೂ ಕೊನೆಗೆ ಸಾಕಾಗಿ, ಅವರ ಮಂಟಪದ ಸೈಟನ್ನೂ ಕಂಪನಿಗೇ ಒಪ್ಪಿಸಿದೆ. ಒಪ್ಪಿಸುವ ಮೊದಲು ಒಂದು ಖಾಲಿ ಮಾದರಿ ಮಾಡಿ ನೋಡಿದ್ದೆ. ಅದನ್ನು ಅಳಿಸಬೇಕಿತ್ತು. ಅದರ ಹೆಸರು ಮಂಟಪ. ಬಂಡೂರಿನವರ ಸೈಟಿಗೆ ನಾನಿಟ್ಟಿದ್ದ ಹೆಸರು ಮಂದೆ. ಇಂಗ್ಲಿಷ್ ಅಕ್ಷರದಲ್ಲಿ ಎರಡರ ಮೊದಲ ಮೂರು ಅಕ್ಷರವೂ ಒಂದೇ, ಪಟ್ಟಿಯಲ್ಲಿ ಒಂದರ ಕೆಳಗೆ ಒಂದು. ಮಧ್ಯಾಹ್ನ ಊಟಕ್ಕೆ ಕೂರುವ ಅವಸರ. ಒತ್ತಿದೆ. ಖಾತ್ರಿಯೇ ಎಂದು ಕೇಳಿತು. ಹೂಂ. ನಕಲುಗಳೂ ಹೋಗುತ್ತವೆ, ಖಾತ್ರಿಯೇ ಎಂದಿತು. ಎಷ್ಟು ಸಲ ಕೇಳ್ತೀಯಾ ಎಂದು ಯಂತ್ರಕ್ಕೇ ಬಯ್ದೆ. ಹಾಗಾದರೆ ಹೆಸರು ಬರೆದು ತೋರಿಸು ಅಂದಿತು. ಪರದೆ ಮೇಲಿದ್ದುದನ್ನು ನೋಡಿಕೊಂಡೇ ಬರೆದೆ: ಮಂದೆ.

ಬುತ್ತಿ ಬಿಚ್ಚುವಷ್ಟರಲ್ಲಿ ಬಂಡೂರಿನ ಸೊಸೆಯ ಫೋನು.

"ಅಕ್ಕ, ಕುರಿ ಒಂದೂ ಕಾಣ್ತಿಲ್ಲ ಕಣಕ್ಕ."

ಮಾರನೇ ದಿನ ಬೇರೆ ಜಿಲ್ಲೆಯವರು ಟಗರು ಕೊಳ್ಳಲು ಬರುವವರಿದ್ದರು. ಮೂರು ತಲೆಮಾರು ತೋರಿಸಿದರೆ ಮಾತ್ರ ತಗೊಳ್ಳುತ್ತೇವೆ ಎಂದಿದ್ದರು. ಏಳು ಮನೆಯವರ ತಲೆತಲಾಂತರದ ಲೆಕ್ಕ ನನ್ನ ಒಂದು ಬೆರಳಿಗೆ ಹೋಗಿತ್ತು. ಸಹಾಯದ ಕಿಟಕಿಯಲ್ಲಿ ಅಂಗಲಾಚಿದೆ. "ಕ್ಷಮಿಸಿ. ಇದನ್ನು ನೀವೇ ಅಳಿಸಿರುವಿರಿ. ನಿಮ್ಮ ದಿನ ಸಂತೋಷಕರವಾಗಿರಲಿ!" ಅಂದಿತು. ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಿಕ್ಕಿ ಬಿಕ್ಕಿ ಅತ್ತೆ.

ಅಳುತ್ತಿರುವಾಗಲೇ ಕೆಂಪು ಗುರುತಿನ ಪೆನ್ ಡ್ರೈವ್ ನೆನಪಾಯಿತು. ಜೀವ ಬಂತು. ಮರುಗಳಿಗೆಯೇ ಹಿಂದಿನ ಮಂಗಳವಾರವೂ ನೆನಪಾಗಿ ಬಂದ ಜೀವ ಹೋಯಿತು. ಅವತ್ತು ಕೈತುಂಬ ಕೆಲಸವಿತ್ತು. ಈ ಮುದುಕರಿಗೇನು ಗೊತ್ತಾಗುತ್ತದೆ ಎಂದು, ಕುರಿಯ ನಕಲಿನ ಬದಲು ಕೈಗೆ ಸಿಕ್ಕಿದ ಮಂಟಪದ ನಾಲ್ಕು ಫೋಟೋ ತುಂಬಿ ಕೊಟ್ಟಿದ್ದೆ. ಅದಕ್ಕೂ ಹಿಂದಿನವೆಲ್ಲ ಹಳೇ ಪೆನ್ ಡ್ರೈವ್‌ಗಳಲ್ಲಿ, ಅವೂ ಆ ಪುಸ್ತಕದ ಹಾಗೇ ಅಟ್ಟ ಸೇರಿ ಹಾಳಾಗಿರುತ್ತವೆ ಅಂದುಕೊಂಡೆ.

ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಯಜಮಾನರು ಜಗಲಿಯಲ್ಲೇ ಕೂತಿದ್ದರು. ನಿಂತಲ್ಲೇ ಹೇಳಿದೆ: "ಹೋಯ್ತು ಯಜಮಾನ್ರೇ. ನಂದೇ ತಪ್ಪು. ಎಲ್ಲ ಹೋಯ್ತು."

ಅವರು ಬಯ್ಯಲಿಲ್ಲ. ಕೈ ಚಾಚಿದರು.

"ಚರ್ಮ ಎಲ್ಲಿ?"

ನನ್ನ ಹತ್ತಿರ ಏನಿತ್ತು? "ಮಂದೆಯನ್ನು ಶಾಶ್ವತವಾಗಿ ಅಳಿಸಲಾಗಿದೆ" ಎಂದು ಕಂಪನಿ ಕಳಿಸಿದ ಒಂದು ಇ-ಮೇಲ್ ಫೋನಿನಲ್ಲಿತ್ತು. ತೋರಿಸಿದೆ. ಸೊಸೆ ಗಟ್ಟಿಯಾಗಿ ಓದಿ ಹೇಳಿದಳು. ಯಜಮಾನರು ಫೋನನ್ನು ತಿರುಗಿಸಿ ಹಿಂದೆ ಮುಂದೆ ನೋಡಿ, "ಹೂಂ, ನಮ್ಮದೇ" ಎಂದು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ರಾಗಿ ಡಬ್ಬವಿತ್ತು. ರಾಗಿಯೊಳಗೆ ಕೈಯಿಟ್ಟು ಒಂದೊಂದೇ ತೆಗೆದರು. ನಾಲ್ಕು ಪೆನ್ ಡ್ರೈವ್, ನಾಲ್ಕಕ್ಕೂ ಕೆಂಪು ಗುರುತು. ಒಂದನ್ನು ಮಾತ್ರ ಬೇರೆ ಇಟ್ಟರು.

"ಇದರಲ್ಲಿ ಓದ ವಾರ ನೀನು ಕೊಟ್ಟಿದ್ದು ನಮ್ಮ ಮರಿ ಅಲ್ಲ. ಸೊಸೆ ತೆಗೆದು ನೋಡಿದ್ಲು, ಯಾರದೋ ಮದುವೆ ಮಂಟಪ. ಮರಿ ಬದಲಾಯಿಸ್ಬುಟ್ಟಿದ್ದೆ. ಮಂಗಳವಾರ ಬಂದು ಕೇಳಾಣ ಅಂತಿದ್ದೆ, ನೀನೇ ಬಂದೆ."

ನೆಲ ಬಿರಿದು ನನ್ನನ್ನು ನುಂಗಬಾರದಾ ಅನ್ನಿಸಿತು. ತಲೆ ಎತ್ತದೆ, ಜಗಲಿಯ ಮೇಲೇ ಕೂತು, ಅದರ ಹಿಂದಿನ ವಾರದ ನಕಲನ್ನು ಕಂಪನಿಯ ಹೊಸ ಜಾಗಕ್ಕೆ ಏರಿಸಿದೆ. ಸೊಸೆ ತನ್ನ ಫೋನಿನಲ್ಲಿ ನೋಡುತ್ತಲೇ ಇದ್ದಳು. "ಬಂತು ಕಣಕ್ಕ! ಕರಿ ಮೂತಿ ಟಗರು ಬಂತು. ಅದರ ತಾಯೂ ಬಂತು!" ಎಂದು ಕೂಗಿದಾಗ ನನಗೆ ಇನ್ನೊಂದು ಸಲ ಅಳು ಬಂತು. ಕೊನೆಯ ಎರಡು ವಾರದಲ್ಲಿ ಹುಟ್ಟಿದ ಒಂಬತ್ತು ಮರಿ ಮಾತ್ರ ಇರಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡು ಒಂಬತ್ತರ ತಂದೆತಾಯಿಯನ್ನೂ ಹೇಳಿದರು, ನಾನು ಬರೆದುಕೊಂಡೆ.

ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದೆ. "ಇನ್ನು ಮೇಲೆ ಏನು ಮಾಡೋಣ ಯಜಮಾನ್ರೇ? ಕಂಪನಿಯವರಿಗೇ ಬಿಡೋದಾ, ನಾನೇ ನೋಡ್ಕೊಳ್ಳೋದಾ?"

"ಕುರಿ ಅವನು ಕಾಯ್ಲಿ. ಅವನನ್ನ ನೀನು ಕಾಯಿ. ನಿನ್ನ ನಾನು ಕಾಯ್ತೀನಿ."

ಇಷ್ಟು ವರ್ಷದಲ್ಲಿ ಈ ವಿಷಯಕ್ಕೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಯಾರಿಂದಲೂ ಕೇಳಿಲ್ಲ. ಕೈಮುಗಿದು ಹೊರಟೆ.

"ತಡಿಯವ್ವ" ಅಂದರು. "ಚರ್ಮ ಇಟ್ಟೋಗು."

"ಅದು ಫೋನು ಯಜಮಾನ್ರೇ!"

"ಅದು ನಂಗೊತ್ತಿಲ್ಲ. ವಾರದ ಕುರಿ ಸತ್ರೆ ಚರ್ಮ ಒಡೆಯಂದು."

ಬೇಡಿಕೊಂಡು, ನಾಳೆ ತರುತ್ತೇನೆ ಎಂದು ಮಾತು ಕೊಟ್ಟು ಫೋನ್ ಬಿಡಿಸಿಕೊಂಡೆ. ಬೆಳಗ್ಗೆ ಆ ಇ-ಮೇಲನ್ನು ಪ್ರಿಂಟ್ ತೆಗೆಸಿ, ಮೊದಲ ಬಸ್ಸಿಗೇ ಬಂಡೂರಿಗೆ ಹೋಗಿ ಒಪ್ಪಿಸಿದೆ. ಯಜಮಾನರು ಅದನ್ನು ಜಗಲಿಯ ಗೋಡೆಯಲ್ಲಿ, ಕುರಿ ಚರ್ಮ ಒಣಹಾಕುವ ಗೂಟಕ್ಕೇ ಚುಚ್ಚಿ ನೇತುಹಾಕಿದರು. ಅಷ್ಟರಲ್ಲಿ ಬೇರೆ ಜಿಲ್ಲೆಯವರು ಬಂದರು. ಸೊಸೆಯ ಫೋನಿನಲ್ಲಿ ಮೂರು ತಲೆಮಾರು ನೋಡಿದರು, ತಲೆದೂಗಿದರು, ಎರಡು ಟಗರು ಆರಿಸಿಕೊಂಡರು. ಹೊರಡುವಾಗ ಅವರಲ್ಲೊಬ್ಬರ ಕಣ್ಣು ಗೂಟದ ಮೇಲೆ ಬಿತ್ತು.

"ಇದೇನು ಯಜಮಾನ್ರೇ, ಕಾಗದ ನೇತಾಕಿದ್ದೀರಿ?"

"ಕಾಗದ ಅಲ್ಲ, ಚರ್ಮ. ವಾರಕ್ಕೆ ಕೊಟ್ಟಿದ್ದೋ, ಸತ್ತೋಯ್ತು" ಅಂದರು ಯಜಮಾನರು, ನನ್ನ ಕಡೆ ನೋಡದೆ.

ಆತ ಹತ್ತಿರ ಹೋಗಿ ಕಾಗದವನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಯಾವ ತಳೀದು?" ಎಂದು ಕೇಳಿದರು.

"ಮುಂಬೈದು. ದಿನಾ ಮರಿ ಹಾಕ್ತಿತ್ತು."